ಅಮೆರಿಕದ ಎರಡು ಪಕ್ಷಗಳ ನಡುವಿನ ಹಗೆ ಜನರಲ್ಲಿ ಹುಟ್ಟಿದ್ದೋ, ಚುನಾವಣೆಯ ನಿಯಮಗಳಲ್ಲಿ ಹುಟ್ಟಿದ್ದೋ?

ತುಂಗಾತೀರ (ಫಿಲಡೆಲ್ಫಿಯಾದ ಹೊರವಲಯ)

ಅಮೆರಿಕದ ರಾಜಕೀಯದ ಬಗ್ಗೆ ಕನ್ನಡದಲ್ಲಿ ಬರುವ ಬರಹಗಳು ಬಹುಪಾಲು ಅಧ್ಯಕ್ಷರ ಸುತ್ತಲೇ ತಿರುಗುತ್ತವೆ. ಟ್ರಂಪ್ ಬಂದ ಮೇಲೆ ದೇಶ ಇಬ್ಭಾಗವಾಯಿತು ಎಂದು ಕೆಲವರು, ಒಬಾಮಾ ಕಾಲದಲ್ಲೇ ಬಿರುಕು ಬಿಟ್ಟಿತ್ತು ಎಂದು ಇನ್ನು ಕೆಲವರು ಬರೆಯುತ್ತಾರೆ. ಬಿರುಕು ಅದಕ್ಕಿಂತ ಬಹಳ ಹಳೆಯದು, ಮತ್ತು ಅದನ್ನು ದಿನದಿನವೂ ಅಗಲಗೊಳಿಸುತ್ತಿರುವುದು ವ್ಯಕ್ತಿಗಳಿಗಿಂತ ಹೆಚ್ಚಾಗಿ ಚುನಾವಣೆಯ ನಿಯಮಗಳು ಎಂಬುದು ನನ್ನ ಅಭಿಪ್ರಾಯ. ಇದನ್ನು ಇಲ್ಲಿ ಚರ್ಚೆಗೆ ಇಡುತ್ತಿದ್ದೇನೆ.

1960ರಲ್ಲಿ ಸಮೀಕ್ಷೆಯೊಂದು ಅಮೆರಿಕನ್ನರಿಗೆ ಒಂದು ಪ್ರಶ್ನೆ ಕೇಳಿತ್ತು: ನಿಮ್ಮ ಮಗನೋ ಮಗಳೋ ಎದುರು ಪಕ್ಷದವರನ್ನು ಮದುವೆಯಾದರೆ ನಿಮಗೆ ಬೇಸರವೇ? ಹೌದು ಎಂದವರು ಎರಡೂ ಪಕ್ಷಗಳಲ್ಲಿ ನೂರಕ್ಕೆ ನಾಲ್ಕೈದು ಮಂದಿ ಮಾತ್ರ. ಇದೇ ಬಗೆಯ ಪ್ರಶ್ನೆಯನ್ನು 2010ರಲ್ಲಿ ಕೇಳಿದಾಗ ರಿಪಬ್ಲಿಕನ್ನರಲ್ಲಿ ಅರ್ಧದಷ್ಟು ಜನ, ಡೆಮಾಕ್ರಟರಲ್ಲಿ ಮೂರನೇ ಒಂದು ಭಾಗದಷ್ಟು ಜನ ಬೇಸರವಾಗುತ್ತದೆ ಎಂದರು. ಇದರ ಪಕ್ಕದಲ್ಲೇ ಇನ್ನೊಂದು ಅಂಕಿಯನ್ನು ಇಟ್ಟು ನೋಡಬೇಕು. ಕಪ್ಪು ಜನ ಮತ್ತು ಬಿಳಿಯರ ನಡುವಿನ ಮದುವೆಯನ್ನು ಒಪ್ಪುವವರು ಗ್ಯಾಲಪ್ ಸಮೀಕ್ಷೆಯ ಪ್ರಕಾರ 1958ರಲ್ಲಿ ಶೇ 4ರಷ್ಟಿದ್ದರು. 2021ರ ಹೊತ್ತಿಗೆ ಶೇ 94ಕ್ಕೆ ಏರಿದ್ದರು. ಬಣ್ಣದ ಗೋಡೆಯನ್ನು ಇಷ್ಟರ ಮಟ್ಟಿಗೆ ದಾಟಿದ ಸಮಾಜ ಪಕ್ಷದ ಗೋಡೆಯನ್ನು ಹೊಸದಾಗಿ ಕಟ್ಟಿಕೊಂಡಿದೆ. ಕೊಟ್ಟು ತರುವ ಸಂಬಂಧ ಯಾರೊಡನೆ ಆಗುತ್ತದೆ, ಯಾರೊಡನೆ ಆಗುವುದಿಲ್ಲ ಎಂಬುದರ ಮೇಲೆ ಗಡಿ ಗುರುತಿಸುವುದು ನಮಗೆ ಚೆನ್ನಾಗಿ ಗೊತ್ತಿರುವ ಪದ್ಧತಿ. ಅಮೆರಿಕದಲ್ಲಿ ಪಕ್ಷ ಎಂಬುದು ಹೆಚ್ಚುಕಡಿಮೆ ಜಾತಿಯಂತಾಗುತ್ತಿದೆ ಎಂದು ನಾನು ಹೇಳುವುದು ಈ ಅರ್ಥದಲ್ಲಿ.

ಇದು ಹೇಗಾಯಿತು? 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಮತದಾನವನ್ನೇ ನೋಡಿ. ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ 73 ಮಂದಿ ಪರವಾಗಿ, 27 ಮಂದಿ ವಿರುದ್ಧವಾಗಿ ಮತ ಹಾಕಿದರು. ಪರವಾಗಿದ್ದವರಲ್ಲಿ 46 ಮಂದಿ ಡೆಮಾಕ್ರಟರು, 27 ಮಂದಿ ರಿಪಬ್ಲಿಕನ್ನರು. ವಿರುದ್ಧವಾಗಿದ್ದವರಲ್ಲಿ 21 ಮಂದಿ ಡೆಮಾಕ್ರಟರು, ಆರು ಮಂದಿ ರಿಪಬ್ಲಿಕನ್ನರು. ಅಂದರೆ ಆ ಶತಮಾನದ ಅತಿ ದೊಡ್ಡ ಪ್ರಶ್ನೆಯ ಮೇಲೆ ಎರಡೂ ಪಕ್ಷಗಳು ಒಳಗೊಳಗೇ ಒಡೆದಿದ್ದವು. ದಕ್ಷಿಣದ ಸಂಪ್ರದಾಯವಾದಿ ಬಿಳಿಯರೂ ಉತ್ತರದ ಕಾರ್ಮಿಕ ಸಂಘಗಳೂ ಒಂದೇ ಡೆಮಾಕ್ರಟಿಕ್ ಪಕ್ಷದಲ್ಲಿದ್ದರು. ಈಶಾನ್ಯ ರಾಜ್ಯಗಳ ಉದಾರವಾದಿ ರಿಪಬ್ಲಿಕನ್ನರು ಎಂಬ ಒಂದು ವರ್ಗವೇ ಇತ್ತು. ಮುಂದಿನ ಮೂರು ದಶಕಗಳಲ್ಲಿ ದಕ್ಷಿಣದ ಬಿಳಿಯರು ಒಂದು ಕಡೆಗೆ, ಕಪ್ಪು ಜನ ಮತ್ತು ನಗರವಾಸಿಗಳು ಇನ್ನೊಂದು ಕಡೆಗೆ ಸರಿದರು. ಚರ್ಚ್‌ಗೆ ತಪ್ಪದೆ ಹೋಗುವವರು, ಬಂದೂಕು ಇಟ್ಟುಕೊಂಡವರು, ಹಳ್ಳಿಯವರು ಒಂದು ಗುಂಪಾದರು. ಪದವೀಧರರು, ಮಹಾನಗರದವರು, ಧರ್ಮದ ಗೊಡವೆಗೆ ಹೋಗದವರು ಇನ್ನೊಂದು ಗುಂಪಾದರು. ಮೊದಲು ಒಬ್ಬ ಮನುಷ್ಯನಿಗೆ ಚರ್ಚ್‌ನಲ್ಲಿ ಒಂದು ಬಳಗ, ಕಾರ್ಖಾನೆಯಲ್ಲಿ ಇನ್ನೊಂದು ಬಳಗ, ಪಕ್ಷದಲ್ಲಿ ಮತ್ತೊಂದು ಬಳಗ ಇರುತ್ತಿತ್ತು. ಈಗ ಎಲ್ಲ ಬಳಗಗಳೂ ಒಂದೇ ದಿಕ್ಕಿಗೆ ಮುಖ ಮಾಡಿವೆ. ಆದ್ದರಿಂದ ಚುನಾವಣೆಯ ಸೋಲು ಒಂದು ನೀತಿಯ ಸೋಲಾಗಿ ಉಳಿಯದೆ ತನ್ನ ಇಡೀ ಬದುಕಿನ ಸೋಲು ಎಂದು ಅವನಿಗೆ ಅನಿಸುತ್ತದೆ.

ಇನ್ನು ನಿಯಮಗಳ ವಿಷಯ. ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯ 435 ಕ್ಷೇತ್ರಗಳಲ್ಲಿ ಬಹುಪಾಲು ಒಂದಲ್ಲ ಒಂದು ಪಕ್ಷದ ಭದ್ರಕೋಟೆಗಳು. 2024ರಲ್ಲಿ ಅಧ್ಯಕ್ಷ ಹುದ್ದೆಗೆ ಒಂದು ಪಕ್ಷವನ್ನೂ ಪ್ರತಿನಿಧಿ ಸಭೆಗೆ ಇನ್ನೊಂದು ಪಕ್ಷವನ್ನೂ ಗೆಲ್ಲಿಸಿದ ಕ್ಷೇತ್ರಗಳು ಕೇವಲ 16. ಭದ್ರಕೋಟೆಯಲ್ಲಿ ನವೆಂಬರ್ ತಿಂಗಳ ಚುನಾವಣೆಗೆ ಅರ್ಥವಿರುವುದಿಲ್ಲ. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿಯಲ್ಲೇ ಎಲ್ಲವೂ ತೀರ್ಮಾನವಾಗುತ್ತದೆ. ಆ ಪ್ರೈಮರಿಗೆ ಬರುವವರು ಸ್ವಲ್ಪವೇ ಜನ, ಅವರಲ್ಲೂ ಪಕ್ಷದ ಕಟ್ಟಾಳುಗಳೇ ಹೆಚ್ಚು. 2014ರಲ್ಲಿ ಪ್ರತಿನಿಧಿ ಸಭೆಯ ರಿಪಬ್ಲಿಕನ್ ಬಹುಮತದ ನಾಯಕ ಎರಿಕ್ ಕ್ಯಾಂಟರ್ ವರ್ಜೀನಿಯಾದಲ್ಲಿ ತಮ್ಮದೇ ಪಕ್ಷದ ಪ್ರೈಮರಿಯಲ್ಲಿ ಒಬ್ಬ ಕಾಲೇಜು ಅಧ್ಯಾಪಕರ ಮುಂದೆ ಸೋತರು. 2018ರಲ್ಲಿ ನ್ಯೂಯಾರ್ಕ್‌ನ ಹಿರಿಯ ಡೆಮಾಕ್ರಟ್ ಜೋ ಕ್ರೌಲಿ ಅವರನ್ನು ಅಲೆಕ್ಸಾಂಡ್ರಿಯಾ ಒಕಾಸಿಯೊ-ಕಾರ್ಟೆಜ್ ಸೋಲಿಸಿದ ಪ್ರೈಮರಿಯಲ್ಲಿ ಚಲಾವಣೆಯಾದದ್ದು ಮೂವತ್ತು ಸಾವಿರಕ್ಕಿಂತ ಕಡಿಮೆ ಮತಗಳು. ಆ ಕ್ಷೇತ್ರದ ಜನಸಂಖ್ಯೆ ಏಳು ಲಕ್ಷದ ಆಸುಪಾಸು. ಇಂಥ ಸೋಲುಗಳನ್ನು ಕಂಡ ಯಾವ ಸದಸ್ಯರೂ ಎದುರು ಪಕ್ಷದ ಜೊತೆ ಕುಳಿತು ಒಂದು ಕಾನೂನು ಬರೆಯಲು ಸುಲಭಕ್ಕೆ ಧೈರ್ಯ ಮಾಡುವುದಿಲ್ಲ.

ನ್ಯಾಯಾಂಗದ ನೇಮಕಗಳಲ್ಲೂ ಇದೇ ಕಥೆ. ಕಡು ಸಂಪ್ರದಾಯವಾದಿಯಾದ ಆಂಟೊನಿನ್ ಸ್ಕಾಲಿಯಾ 1986ರಲ್ಲಿ ಸೆನೆಟ್‌ನಲ್ಲಿ 98–0 ಮತಗಳಿಂದ ಸುಪ್ರೀಂ ಕೋರ್ಟಿಗೆ ಹೋದರು. ಮಹಿಳಾ ಹಕ್ಕುಗಳ ಹೋರಾಟದ ವಕೀಲೆಯಾಗಿದ್ದ ರೂತ್ ಬೇಡರ್ ಗಿನ್ಸ್‌ಬರ್ಗ್ 1993ರಲ್ಲಿ 96–3 ಮತಗಳಿಂದ ಹೋದರು. 2020ರಲ್ಲಿ ಏಮಿ ಕೋನಿ ಬ್ಯಾರೆಟ್ ಅವರಿಗೆ ಸಿಕ್ಕಿದ್ದು 52–48, 2022ರಲ್ಲಿ ಕೆಟಾಂಜಿ ಬ್ರೌನ್ ಜಾಕ್ಸನ್ ಅವರಿಗೆ 53–47. ಯೋಗ್ಯತೆಯಲ್ಲಿ ಈ ನಾಲ್ವರ ನಡುವೆ ಅಂಥ ಅಂತರವೇನೂ ಇಲ್ಲ. ಬದಲಾದದ್ದು ಮತ ಹಾಕುವವರ ಲೆಕ್ಕಾಚಾರ.

ಬಯಲುಸೀಮೆ (ಡಲ್ಲಾಸ್ ಸಮೀಪ)

ಮೇಡಂ, ತಾವು ಬರೆದದ್ದನ್ನು ಎರಡು ಬಾರಿ ಓದಿದೆ. ನಾನು ರಿಪಬ್ಲಿಕನ್ ಪಕ್ಷಕ್ಕೆ ಮತ ಹಾಕುವವನು. ಕನ್ನಡ ಬಳಗಗಳಲ್ಲಿ ಇದನ್ನು ಬಾಯಿಬಿಟ್ಟು ಹೇಳುವವರು ಕಡಿಮೆಯಾದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ತಮ್ಮ ವಿಶ್ಲೇಷಣೆಯನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಅದರಲ್ಲಿ ಸಾಮಾನ್ಯ ಜನರ ಸಿಟ್ಟಿಗೆ ಸಿಗಬೇಕಾದ ಜಾಗ ಸಿಕ್ಕಿಲ್ಲ.

2000ದಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಸುಮಾರು 1.7 ಕೋಟಿ ಜನ ಕೆಲಸ ಮಾಡುತ್ತಿದ್ದರು. 2010ರ ಹೊತ್ತಿಗೆ ಆ ಸಂಖ್ಯೆ 1.2 ಕೋಟಿಗಿಂತ ಕೆಳಗೆ ಇಳಿದಿತ್ತು. ಇದಕ್ಕೆ ಯಂತ್ರಗಳೂ ಕಾರಣ, 2008ರ ಆರ್ಥಿಕ ಕುಸಿತವೂ ಕಾರಣ, ಚೀನಾದೊಡನೆ ತೆರೆದ ವ್ಯಾಪಾರವೂ ಕಾರಣ. 1994ರಲ್ಲಿ ಜಾರಿಗೆ ಬಂದ ಉತ್ತರ ಅಮೆರಿಕದ ಮುಕ್ತ ವ್ಯಾಪಾರ ಒಪ್ಪಂದಕ್ಕಾಗಲಿ, 2001ರಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಿದ್ದಕ್ಕಾಗಲಿ ಎರಡೂ ಪಕ್ಷಗಳ ಮುಖಂಡರ ಒಪ್ಪಿಗೆ ಇತ್ತು. ತಾವು ಹಂಬಲಿಸುವ ಆ ಹಳೆಯ ಸಹಮತದ ಕಾಲದಲ್ಲಿ ಒಹಾಯೊ, ಮಿಚಿಗನ್, ತಮ್ಮ ಪೆನ್ಸಿಲ್ವೇನಿಯಾದ ಊರುಗಳು ಬರಿದಾಗುತ್ತಿದ್ದಾಗ ಅವುಗಳ ಪರವಾಗಿ ಗಟ್ಟಿಯಾಗಿ ಮಾತನಾಡುವ ಪಕ್ಷವೇ ಇರಲಿಲ್ಲ. ಸಹಮತ ಎಂಬುದು ಎಲ್ಲ ಕಾಲಕ್ಕೂ ಒಳ್ಳೆಯದೇ ಆಗಿರಬೇಕಿಲ್ಲ.

ಇನ್ನೊಂದು ಮಾತು ತಾತ್ಸಾರದ್ದು. 2016ರ ಸೆಪ್ಟೆಂಬರ್‌ನಲ್ಲಿ ಹಿಲರಿ ಕ್ಲಿಂಟನ್ ಅವರು ಟ್ರಂಪ್ ಬೆಂಬಲಿಗರಲ್ಲಿ ಅರ್ಧದಷ್ಟು ಜನರನ್ನು ಹೀನ ಜನರ ಬುಟ್ಟಿಗೆ ಹಾಕಬಹುದು ಎಂಬರ್ಥದ ಮಾತನ್ನಾಡಿದರು. ಅದನ್ನು ಕೇಳಿದ ನನ್ನ ಬಿಳಿಯ ನೆರೆಯವರ ಮುಖ ನನಗೆ ಇನ್ನೂ ನೆನಪಿದೆ. ಅವರು ಟ್ರಂಪ್ ಅಭಿಮಾನಿಯೇನೂ ಆಗಿರಲಿಲ್ಲ. ಟ್ರಂಪ್‌ಗೆ ಮತ ಹಾಕುವ ತೀರ್ಮಾನ ಮಾಡಿದ್ದು ಆ ವಾರದಲ್ಲಿ. ನಿಯಮಗಳನ್ನು ತಿದ್ದಿದ ಮಾತ್ರಕ್ಕೆ ಓದಿದವರು ಓದದವರನ್ನು ಕಾಣುವ ರೀತಿ ತಿದ್ದಿಹೋಗುವುದಿಲ್ಲ.

ಕ್ಷೇತ್ರಗಳ ಗಡಿಯ ವಿಷಯದಲ್ಲಿ ಮಾತ್ರ ನನ್ನ ಪಕ್ಷವನ್ನು ಸಮರ್ಥಿಸಿಕೊಳ್ಳಲಾರೆ. ಹತ್ತು ವರ್ಷಕ್ಕೊಮ್ಮೆ ಜನಗಣತಿಯಾದ ಮೇಲೆ ಗಡಿ ಬದಲಾಯಿಸುವುದು ವಾಡಿಕೆ. 2025ರಲ್ಲಿ ನಮ್ಮ ಟೆಕ್ಸಾಸ್ ಮಧ್ಯದಲ್ಲೇ ನಕ್ಷೆಯನ್ನು ಮತ್ತೆ ಬರೆದು ನಮ್ಮ ಪಕ್ಷಕ್ಕೆ ಐದು ಸ್ಥಾನ ಹೆಚ್ಚಿಸಿಕೊಳ್ಳಲು ಹೊರಟಿತು. ಡೆಮಾಕ್ರಟಿಕ್ ಶಾಸಕರು ಕೋರಂ ಮುರಿಯಲು ರಾಜ್ಯ ಬಿಟ್ಟು ಇಲಿನಾಯ್‌ಗೆ ಹೋಗಿ ಕುಳಿತರು. ಕ್ಯಾಲಿಫೋರ್ನಿಯಾ ಅದಕ್ಕೆ ಪ್ರತಿಯಾಗಿ ಜನಮತ ಪಡೆದು ತನ್ನ ನಕ್ಷೆಯನ್ನು ಡೆಮಾಕ್ರಟರಿಗೆ ಅನುಕೂಲವಾಗುವಂತೆ ಬದಲಿಸಿಕೊಂಡಿತು. ಇಬ್ಬರೂ ಸೇರಿ ಸ್ಪರ್ಧೆಯಿರುವ ಕ್ಷೇತ್ರಗಳನ್ನು ಇನ್ನಷ್ಟು ಕಡಿಮೆ ಮಾಡಿದರು.

ಕಡಲೂರು (ಮಂಗಳೂರು)

ನಾನು ಅಮೆರಿಕದಲ್ಲಿ ನೆಲೆಸಿದವನಲ್ಲ, ಆದರೆ ಅಲ್ಲಿನ ರಾಜಕೀಯವನ್ನು ಬಹಳ ಕಾಲದಿಂದ ಓದುತ್ತಿರುವವನು. ಎರಡೂ ಪಕ್ಷಗಳು ಸಮಾನವಾಗಿ ಹೊಣೆ ಎಂಬ ಧ್ವನಿ ಈ ಚರ್ಚೆಯಲ್ಲಿ ಮೂಡುತ್ತಿದೆ. ಅದನ್ನು ನಾನು ಒಪ್ಪಲಾರೆ.

2020ರ ಚುನಾವಣೆಯ ನಂತರ ಟ್ರಂಪ್ ಮತ್ತು ಅವರ ಬೆಂಬಲಿಗರು ಹೂಡಿದ ಅರವತ್ತಕ್ಕೂ ಹೆಚ್ಚು ಮೊಕದ್ದಮೆಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಬಿದ್ದುಹೋದವು. ತೀರ್ಪು ಕೊಟ್ಟವರಲ್ಲಿ ಟ್ರಂಪ್ ಅವರೇ ನೇಮಿಸಿದ ನ್ಯಾಯಾಧೀಶರೂ ಇದ್ದರು. 2021ರ ಜನವರಿ 6ರಂದು ಗುಂಪು ಸಂಸತ್ ಭವನಕ್ಕೆ ನುಗ್ಗಿತು. ಅದೇ ರಾತ್ರಿ ಒಡೆದ ಗಾಜುಗಳ ನಡುವೆ ಮತ್ತೆ ಸೇರಿದ ಸದನಗಳಲ್ಲಿ 147 ರಿಪಬ್ಲಿಕನ್ ಸದಸ್ಯರು ಫಲಿತಾಂಶಕ್ಕೆ ಆಕ್ಷೇಪಣೆಯ ಪರ ಮತ ಹಾಕಿದರು. ಇದಕ್ಕಾಗಿ ನಡೆದ ಟ್ರಂಪ್ ಅವರ ವಾಗ್ದಂಡನೆಯ ವಿಚಾರಣೆಯಲ್ಲಿ ಸೆನೆಟ್ 57–43 ಮತ ನೀಡಿತು; ಏಳು ರಿಪಬ್ಲಿಕನ್ನರು ತಪ್ಪಿತಸ್ಥ ಎಂದರೂ ಮೂರನೇ ಎರಡರಷ್ಟು ಬಹುಮತ ಬರಲಿಲ್ಲ. 2025ರ ಜನವರಿ 20ರಂದು ಎರಡನೇ ಬಾರಿ ಅಧಿಕಾರ ವಹಿಸಿಕೊಂಡ ದಿನವೇ ಟ್ರಂಪ್ ಆ ಪ್ರಕರಣದ ಸುಮಾರು 1,500 ಮಂದಿಗೆ ಕ್ಷಮಾದಾನ ನೀಡಿದರು. ಪ್ರತಿನಿಧಿ ಸಭೆಯಲ್ಲಿ ವಾಗ್ದಂಡನೆಗೆ ಮತ ಹಾಕಿದ ಹತ್ತು ರಿಪಬ್ಲಿಕನ್ನರಲ್ಲಿ 2022ರ ಚುನಾವಣೆಯ ನಂತರ ಉಳಿದವರು ಇಬ್ಬರೇ.

ಸೋಲನ್ನು ಒಪ್ಪಿಕೊಳ್ಳುವುದು ಪ್ರಜಾಪ್ರಭುತ್ವದ ಮೊದಲ ಷರತ್ತು. ಅದನ್ನೇ ಮುರಿದದ್ದನ್ನು ಕ್ಷೇತ್ರದ ಗಡಿ ಎಳೆದಾಟದ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ?

ತುಂಗಾತೀರ

ಕಡಲೂರು ಅವರೇ, ಜನವರಿ 6ನ್ನು ಬೇರೆ ಯಾವುದರ ಜೊತೆಗೂ ನಾನು ತೂಗುವುದಿಲ್ಲ. ಅದರ ಹೊಣೆ ಯಾರದು ಎಂಬುದರ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಚುನಾವಣೆಯಲ್ಲಿ ಮೋಸ ನಡೆಯಿತು ಎಂಬ ಸುಳ್ಳನ್ನು ಅಷ್ಟು ಕೋಟಿ ಜನ ನಂಬಲು ನೆಲ ಹೇಗೆ ಹದವಾಯಿತು ಎಂಬುದನ್ನು ನಮ್ಮ ರಾಜ್ಯದ ಉದಾಹರಣೆಯಿಂದ ಹೇಳುತ್ತೇನೆ, ಏಕೆಂದರೆ ನಾನು ಇಲ್ಲಿ ಮತಗಟ್ಟೆಯ ಕೆಲಸಕ್ಕೆ ಹೋಗುತ್ತೇನೆ.

ಪೆನ್ಸಿಲ್ವೇನಿಯಾದ ಪ್ರತಿ ಮತಗಟ್ಟೆಯಲ್ಲಿ ಒಬ್ಬ ಮುಖ್ಯ ಅಧಿಕಾರಿ, ಬಹುಮತದ ಒಬ್ಬ ಇನ್‌ಸ್ಪೆಕ್ಟರ್, ಅಲ್ಪಮತದ ಒಬ್ಬ ಇನ್‌ಸ್ಪೆಕ್ಟರ್ ಇರುತ್ತಾರೆ. ಇವರನ್ನು ಆ ಮತಗಟ್ಟೆಯ ವ್ಯಾಪ್ತಿಯ ಮತದಾರರೇ ಆರಿಸುತ್ತಾರೆ. ಇನ್‌ಸ್ಪೆಕ್ಟರ್ ಹುದ್ದೆಗೆ ಒಬ್ಬ ಮತದಾರನಿಗೆ ಒಂದೇ ಮತ. ಹೆಚ್ಚು ಮತ ಪಡೆದವರು ಬಹುಮತದ ಇನ್‌ಸ್ಪೆಕ್ಟರ್, ಎರಡನೆಯವರು ಅಲ್ಪಮತದ ಇನ್‌ಸ್ಪೆಕ್ಟರ್. ಹೀಗಾಗಿ ಒಂದೇ ಪಕ್ಷದವರು ಮೇಜನ್ನು ಪೂರ್ತಿ ಆಕ್ರಮಿಸಲು ಸಾಧಾರಣವಾಗಿ ಆಗುವುದಿಲ್ಲ. ಬೆಳಿಗ್ಗೆ 7ರಿಂದ ರಾತ್ರಿ 8ರವರೆಗೆ ಎರಡು ಪಕ್ಷದವರು ಮಗ್ಗುಲಲ್ಲಿ ಕುಳಿತು ಹೆಸರು ಹುಡುಕುತ್ತಾರೆ, ಸಹಿ ಹಾಕಿಸಿಕೊಳ್ಳುತ್ತಾರೆ, ಮಧ್ಯಾಹ್ನ ಒಂದೇ ಡಬ್ಬಿಯಿಂದ ತಿಂಡಿ ಹಂಚಿಕೊಳ್ಳುತ್ತಾರೆ. ಬಾಗಿಲು ಮುಚ್ಚಿದ ಮೇಲೆ ಯಂತ್ರದಿಂದ ಉದ್ದನೆಯ ಕಾಗದದ ಪಟ್ಟಿ ಬರುತ್ತದೆ. ಅದರ ಮೇಲೆ ಎಲ್ಲರೂ ಸಹಿ ಮಾಡುತ್ತಾರೆ, ಒಂದು ಪ್ರತಿಯನ್ನು ಬಾಗಿಲಿಗೆ ಅಂಟಿಸುತ್ತಾರೆ. ದಾರಿಹೋಕರು ಯಾರು ಬೇಕಾದರೂ ಓದಬಹುದು. ನಾನು ಕುಳಿತ ಮೇಜಿನಲ್ಲಿ ಆ ಸಹಿಯ ಬಗ್ಗೆ ಜಗಳವಾದದ್ದನ್ನು ನಾನು ಕಂಡಿಲ್ಲ.

ಜಗಳ ಹುಟ್ಟುವುದು ಅಂಚೆ ಮತಗಳಲ್ಲಿ. ಫ್ಲಾರಿಡಾದಲ್ಲಿ ಅಂಚೆ ಮತಗಳ ಲಕೋಟೆ ತೆರೆದು ಪರಿಶೀಲಿಸುವ ಕೆಲಸ ಚುನಾವಣೆಯ ದಿನಕ್ಕಿಂತ ಬಹಳ ಮೊದಲೇ ಆರಂಭವಾಗುತ್ತದೆ, ಆದ್ದರಿಂದ ಅದೇ ರಾತ್ರಿ ಫಲಿತಾಂಶ ತಿಳಿಯುತ್ತದೆ. ನಮ್ಮ ರಾಜ್ಯದ ಕಾನೂನಿನ ಪ್ರಕಾರ ಚುನಾವಣೆಯ ದಿನ ಬೆಳಿಗ್ಗೆ 7 ಗಂಟೆಗಿಂತ ಮೊದಲು ಒಂದು ಲಕೋಟೆಯನ್ನೂ ತೆರೆಯುವಂತಿಲ್ಲ. 2020ರಲ್ಲಿ ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಜನ ಅಂಚೆಯಲ್ಲಿ ಮತ ಹಾಕಿದರು. ಅಂಚೆಯನ್ನು ನಂಬಬೇಡಿ ಎಂದು ಟ್ರಂಪ್ ಹೇಳಿದ್ದರಿಂದ ಆ ಲಕೋಟೆಗಳಲ್ಲಿ ಹೆಚ್ಚಿನವು ಡೆಮಾಕ್ರಟರವು. ಮಂಗಳವಾರ ರಾತ್ರಿ ಮತಗಟ್ಟೆಯ ಮತಗಳು ಮೊದಲು ಎಣಿಕೆಯಾಗಿ ಟ್ರಂಪ್ ಲಕ್ಷಾಂತರ ಮತಗಳ ಮುನ್ನಡೆಯಲ್ಲಿದ್ದರು. ಲಕೋಟೆಗಳು ತೆರೆದಂತೆಲ್ಲ ಅದು ಕರಗಿ ಶನಿವಾರದ ಹೊತ್ತಿಗೆ ಬೈಡನ್ ಗೆದ್ದಿದ್ದರು. ಎಣಿಕೆಯ ಕ್ರಮ ಗೊತ್ತಿದ್ದವರಿಗೆ ಇದು ನಿರೀಕ್ಷಿತ. ಗೊತ್ತಿಲ್ಲದವರಿಗೆ ರಾತ್ರೋರಾತ್ರಿ ಮೋಸ ನಡೆದಂತೆ ಕಂಡಿತು, ಹಾಗೆ ಕಾಣುವಂತೆ ಹೇಳುವವರೂ ಇದ್ದರು.

ಈ ಕಾನೂನನ್ನು ಬದಲಿಸಿ ಎಂದು ಎರಡೂ ಪಕ್ಷಗಳ ಕೌಂಟಿ ಅಧಿಕಾರಿಗಳು ಅಂದಿನಿಂದ ಕೇಳುತ್ತಲೇ ಇದ್ದಾರೆ. ರಾಜ್ಯದ ರಾಜಧಾನಿ ಹ್ಯಾರಿಸ್‌ಬರ್ಗ್‌ನ ಶಾಸನಸಭೆಯಲ್ಲಿ ಒಂದು ಪಕ್ಷ ಮತದಾರರ ಗುರುತಿನ ಚೀಟಿಯ ನಿಯಮವನ್ನು ಇದರ ಜೊತೆಗೇ ತರಬೇಕೆನ್ನುತ್ತದೆ, ಇನ್ನೊಂದು ಅದಕ್ಕೆ ಒಪ್ಪುವುದಿಲ್ಲ. 2024ರ ಚುನಾವಣೆಯೂ ಅದೇ ಹಳೆಯ ಕಾನೂನಿನಲ್ಲಿ ನಡೆಯಿತು. ಸುಳ್ಳು ಹೇಳಿದವರ ಹೊಣೆ ದೊಡ್ಡದು. ಸುಳ್ಳಿಗೆ ಜಾಗ ಬಿಟ್ಟುಕೊಟ್ಟ ನಿಯಮವನ್ನು ಹಾಗೆಯೇ ಉಳಿಸಿಕೊಂಡಿರುವ ಹೊಣೆ ಇಬ್ಬರದು.

ಹಳೇಮೈಸೂರು (ಮೈಸೂರು, ನಿವೃತ್ತ ರಾಜ್ಯಶಾಸ್ತ್ರ ಅಧ್ಯಾಪಕ)

ಈ ಚರ್ಚೆಗೆ ಒಂದು ಹಳೆಯ ಸಂಗತಿಯನ್ನು ಸೇರಿಸುತ್ತೇನೆ. 1950ರಲ್ಲಿ ಅಮೆರಿಕದ ರಾಜ್ಯಶಾಸ್ತ್ರಜ್ಞರ ಸಂಘದ ಸಮಿತಿಯೊಂದು ಪಕ್ಷಗಳ ಬಗ್ಗೆ ವರದಿ ನೀಡಿತು. ಅದರ ದೂರು ಏನಿತ್ತು ಎಂದರೆ, ಎರಡು ಪಕ್ಷಗಳ ನಡುವೆ ಸಾಕಷ್ಟು ವ್ಯತ್ಯಾಸವಿಲ್ಲ, ಮತದಾರನಿಗೆ ಸ್ಪಷ್ಟ ಆಯ್ಕೆ ಸಿಗುತ್ತಿಲ್ಲ, ಪಕ್ಷಗಳು ಶಿಸ್ತಿನಿಂದ ಒಗ್ಗಟ್ಟಾಗಿ ನಡೆದುಕೊಳ್ಳಬೇಕು. ಬ್ರಿಟನ್ನಿನ ಮಾದರಿ ಅವರ ಕಣ್ಣ ಮುಂದಿತ್ತು. ಅವರು ಬಯಸಿದ ಶಿಸ್ತು ಅರ್ಧ ಶತಮಾನದಲ್ಲಿ ಬಂದೇಬಿಟ್ಟಿತು. ಆದರೆ ಸಂವಿಧಾನ ಹಳೆಯದೇ ಉಳಿಯಿತು.

ಮುಖ್ಯ ತೊಡಕು ಇಲ್ಲಿದೆ. ಬ್ರಿಟನ್ನಿನಲ್ಲಾಗಲಿ ಭಾರತದಲ್ಲಾಗಲಿ ಬಹುಮತ ಪಡೆದ ಪಕ್ಷ ಸರ್ಕಾರ ರಚಿಸುತ್ತದೆ, ಕಾನೂನು ಮಾಡುತ್ತದೆ, ಕೆಳಮನೆಯಲ್ಲಿ ಬಜೆಟ್ ಬಿದ್ದರೆ ಸರ್ಕಾರವೇ ಬೀಳುತ್ತದೆ. ಅಮೆರಿಕದಲ್ಲಿ ಅಧ್ಯಕ್ಷರು ಒಂದು ಪಕ್ಷದವರು, ಪ್ರತಿನಿಧಿ ಸಭೆ ಇನ್ನೊಂದು ಪಕ್ಷದ ಕೈಯಲ್ಲಿ ಇರಬಹುದು; ಸೆನೆಟ್‌ನಲ್ಲಿ ಹೆಚ್ಚಿನ ಮಸೂದೆಗಳ ಮೇಲಿನ ಚರ್ಚೆಯನ್ನು ಮುಗಿಸಿ ಮತಕ್ಕೆ ಹಾಕಲು ನೂರರಲ್ಲಿ ಅರವತ್ತು ಮತ ಬೇಕು. ಈ ಏರ್ಪಾಡು ನಡೆಯಬೇಕಾದರೆ ಪಕ್ಷ ದಾಟಿ ಮತ ಹಾಕುವವರು ಪ್ರತಿ ಸದನದಲ್ಲೂ ಇರಲೇಬೇಕು. ಅವರು ಮಾಯವಾದಾಗ ಸರ್ಕಾರ ಬೀಳುವುದಿಲ್ಲ, ನಿಂತುಹೋಗುತ್ತದೆ. ಬಜೆಟ್ ಅನುಮೋದನೆಯಾಗದೆ ಕಚೇರಿಗಳು 2013ರಲ್ಲಿ 16 ದಿನ, 2018–19ರಲ್ಲಿ 35 ದಿನ, 2025ರಲ್ಲಿ 43 ದಿನ ಮುಚ್ಚಿದ್ದವು. ಸಂಬಳವಿಲ್ಲದೆ ವಿಮಾನ ನಿಲ್ದಾಣದ ಭದ್ರತಾ ಸಿಬ್ಬಂದಿ ಕೆಲಸ ಮಾಡಬೇಕಾಯಿತು.

ನಮ್ಮಲ್ಲಿ ಪಕ್ಷದ ಶಿಸ್ತು ಕಾನೂನಿನಿಂದಲೇ ಬಂದಿದೆ. 1985ರ ಪಕ್ಷಾಂತರ ನಿಷೇಧದ ಪ್ರಕಾರ ವಿಪ್ ಉಲ್ಲಂಘಿಸಿದ ಶಾಸಕ ಸ್ಥಾನ ಕಳೆದುಕೊಳ್ಳುತ್ತಾನೆ. 2019ರಲ್ಲಿ ಕರ್ನಾಟಕದ 17 ಶಾಸಕರು ಅನರ್ಹರಾದದ್ದು, ಸಮ್ಮಿಶ್ರ ಸರ್ಕಾರ ಉರುಳಿದ್ದು, ಅನರ್ಹರಾದವರಲ್ಲಿ ಹೆಚ್ಚಿನವರು ಡಿಸೆಂಬರ್‌ನ ಉಪಚುನಾವಣೆಯಲ್ಲಿ ಇನ್ನೊಂದು ಪಕ್ಷದಿಂದ ಗೆದ್ದು ಬಂದದ್ದು ಎಲ್ಲರಿಗೂ ಗೊತ್ತು. ಅಮೆರಿಕದ ಸದಸ್ಯರಿಗೆ ಅಂಥ ಯಾವ ಕಾನೂನಿನ ಭಯವೂ ಇಲ್ಲ. 2017ರ ಜುಲೈನಲ್ಲಿ ಒಬಾಮಾ ಕಾಲದ ಆರೋಗ್ಯ ವಿಮೆ ಕಾಯ್ದೆಯನ್ನು ಕಳಚುವ ತಮ್ಮದೇ ಪಕ್ಷದ ಮಸೂದೆಯನ್ನು ಜಾನ್ ಮೆಕೇನ್ ಹೆಬ್ಬೆರಳು ಕೆಳಗೆ ತೋರಿಸಿ ಬೀಳಿಸಿದಾಗ ಅವರ ಸ್ಥಾನಕ್ಕೆ ಕುತ್ತು ಬರಲಿಲ್ಲ. ಕಾನೂನು ಇಷ್ಟು ಸ್ವಾತಂತ್ರ್ಯ ಕೊಟ್ಟಿದ್ದರೂ ಬಳಸುವವರು ವಿರಳವಾಗಿದ್ದಾರೆ ಎಂಬುದು ತುಂಗಾತೀರ ಅವರ ಪ್ರೈಮರಿಯ ವಾದಕ್ಕೆ ಬಲ ಕೊಡುತ್ತದೆ.

ಮಲ್ಲಿಗೆ ಬಳ್ಳಿ (ನ್ಯೂಜೆರ್ಸಿ)

ಮೇಷ್ಟ್ರೇ, ನಿಮ್ಮ ಮಾತು ಬಹಳ ಸ್ಪಷ್ಟವಾಗಿದೆ. ನಮ್ಮವರಿಗೇ ಸಂಬಂಧಿಸಿದ ಒಂದು ಪ್ರಸಂಗವನ್ನು ನೆನಪಿಸಬೇಕು. ಡಾ. ವಿವೇಕ್ ಮೂರ್ತಿ ಅವರ ಮೂಲ ಮಂಡ್ಯ ಜಿಲ್ಲೆಯ ಹಲ್ಲೆಗೆರೆ. 2013ರ ನವೆಂಬರ್‌ನಲ್ಲಿ ಅಧ್ಯಕ್ಷ ಒಬಾಮಾ ಅವರು ಮೂರ್ತಿಯವರನ್ನು ಸರ್ಜನ್ ಜನರಲ್, ಅಂದರೆ ಸಾರ್ವಜನಿಕ ಆರೋಗ್ಯದ ಬಗ್ಗೆ ದೇಶದ ಪರವಾಗಿ ಮಾತನಾಡುವ ಮುಖ್ಯ ವೈದ್ಯರ ಹುದ್ದೆಗೆ ಹೆಸರಿಸಿದರು. ಬಂದೂಕು ಹಿಂಸೆಯೂ ಆರೋಗ್ಯದ ಸಮಸ್ಯೆಯೇ ಎಂದು ಅವರು ಹಿಂದೆ ಟ್ವಿಟರ್‌ನಲ್ಲಿ ಬರೆದಿದ್ದರು. ಅಷ್ಟಕ್ಕೇ ಬಂದೂಕು ಸಂಘಟನೆ ವಿರೋಧಿಸಿತು, ತಮ್ಮ ರಾಜ್ಯದ ಮತದಾರರಿಗೆ ಹೆದರಿದ ಕೆಲವು ಡೆಮಾಕ್ರಟರೂ ಹಿಂದೆ ಸರಿದರು. 2014ರಲ್ಲಿ ಎಬೋಲಾ ಭೀತಿ ಅಮೆರಿಕಕ್ಕೆ ಬಂದಾಗ ದೇಶಕ್ಕೆ ಪೂರ್ಣಾವಧಿಯ ಸರ್ಜನ್ ಜನರಲ್ ಇರಲಿಲ್ಲ. ಕೊನೆಗೆ ಡಿಸೆಂಬರ್‌ನಲ್ಲಿ 51–43 ಮತಗಳಿಂದ ಒಪ್ಪಿಗೆ ಸಿಕ್ಕಿತು. ಹಲ್ಲೆಗೆರೆಯ ಹುಡುಗ ಎಂದು ಮಂಡ್ಯದಲ್ಲಿ ಹೆಮ್ಮೆ ಪಟ್ಟವರಿಗೆ ಈ ಒಂದು ವರ್ಷದ ಕಾಯುವಿಕೆಯ ಕಾರಣ ಅಷ್ಟಾಗಿ ತಿಳಿದಿರಲಿಕ್ಕಿಲ್ಲ.

ಬಯಲುಸೀಮೆ ಸರ್ ಹೇಳಿದಂತೆ ನಮ್ಮ ಕೂಟಗಳಲ್ಲಿ ರಿಪಬ್ಲಿಕನ್ ಎಂದು ಹೇಳಿಕೊಳ್ಳುವುದು ಕಷ್ಟ ಎಂಬುದು ನಿಜ. ಆದರೆ ಅದು ಬದಲಾಗುತ್ತಿದೆ. 2024ರಲ್ಲಿ ಕಾರ್ನೆಗಿ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ ಭಾರತೀಯ ಮೂಲದ ಮತದಾರರಲ್ಲಿ ಶೇ 61ರಷ್ಟು ಡೆಮಾಕ್ರಟಿಕ್ ಅಭ್ಯರ್ಥಿ ಕಮಲಾ ಹ್ಯಾರಿಸ್ ಪರ, ಶೇ 32ರಷ್ಟು ಟ್ರಂಪ್ ಪರ ಇದ್ದರು. ಹಿಂದಿನ ಚುನಾವಣೆಗಿಂತ ಡೆಮಾಕ್ರಟರ ಕಡೆಯ ಒಲವು ತಗ್ಗಿತ್ತು. ರಾಜ್ಯೋತ್ಸವದಲ್ಲಿ ಒಟ್ಟಿಗೆ ಹೋಳಿಗೆ ಬಡಿಸುವ ಎರಡು ಕುಟುಂಬಗಳು ವಾಟ್ಸಾಪ್ ಗುಂಪಿನಲ್ಲಿ ಎಚ್1ಬಿ ವೀಸಾದ ಬಗ್ಗೆ ಕಿತ್ತಾಡಿ ಮಾತು ಬಿಟ್ಟದ್ದನ್ನು ನೋಡಿದ್ದೇನೆ.

ಅದಾದ ಮೇಲೆ ನಾನು ಬ್ರೇವರ್ ಏಂಜಲ್ಸ್ ಸಂಸ್ಥೆಯ ಒಂದು ಕಾರ್ಯಾಗಾರಕ್ಕೆ ಹೋದೆ. 2016ರ ಚುನಾವಣೆಯ ನಂತರ ಒಹಾಯೊದ ಒಂದು ಸಣ್ಣ ಊರಿನಲ್ಲಿ ಎರಡೂ ಪಕ್ಷದವರನ್ನು ಕೂರಿಸಿ ಆರಂಭಿಸಿದ ಸಂಸ್ಥೆ ಅದು. ಅಲ್ಲಿ ಕೆಂಪು ಪಕ್ಷದವರನ್ನೂ (ರಿಪಬ್ಲಿಕನ್ನರು) ನೀಲಿ ಪಕ್ಷದವರನ್ನೂ (ಡೆಮಾಕ್ರಟರು) ಬೇರೆ ಬೇರೆ ಕೋಣೆಗೆ ಕಳಿಸಿ, ಎದುರಿನವರು ನಿಮ್ಮ ಬಗ್ಗೆ ಏನೆಂದುಕೊಂಡಿದ್ದಾರೆ ಎಂದು ಪಟ್ಟಿ ಮಾಡಿಸುತ್ತಾರೆ. ಪ್ರತಿಯೊಂದರ ಎದುರು ಎರಡು ಉತ್ತರ ಬರೆಯಬೇಕು: ಇದರಲ್ಲಿ ಸುಳ್ಳೇನು, ಮತ್ತು ಇದರಲ್ಲಿ ಒಂದು ಕಾಳಿನಷ್ಟಾದರೂ ನಿಜವೇನು. ಎರಡನೆಯ ಸಾಲನ್ನು ತುಂಬಿಸಲು ಎರಡೂ ಕೋಣೆಗಳಲ್ಲಿ ಬಹಳ ಹೊತ್ತು ಹಿಡಿಯಿತು. ಒಟ್ಟಿಗೆ ಸೇರಿ ಓದುವಾಗ ಎದುರಿನವರು ತಾವಾಗಿಯೇ ಬರೆದ ಆ ಸಾಲುಗಳನ್ನು ಕೇಳಿ ನನಗೆ ಗಂಟಲು ಕಟ್ಟಿತು. ಇದನ್ನು ನಾನು ಬಹಳ ಗೌರವಿಸುತ್ತೇನೆ. ಆದರೆ ಇದರಿಂದ ಒಂದು ಕ್ಷೇತ್ರದ ಗಡಿಯೂ ಬದಲಾಗುವುದಿಲ್ಲವಲ್ಲ. ನಿಯಮ ತಿದ್ದುವುದು ಮೊದಲೋ, ಮನಸ್ಸು ತಿದ್ದುವುದು ಮೊದಲೋ, ತುಂಗಾತೀರ ಅವರೇ?

ಬಯಲುಸೀಮೆ

ಆ ಪ್ರಶ್ನೆಗೆ ಮೊದಲು ಒಂದು ಮಾತು. 2011ರಲ್ಲಿ ಡೆಮಾಕ್ರಟಿಕ್ ಸದಸ್ಯೆ ಗ್ಯಾಬಿ ಗಿಫರ್ಡ್ಸ್ ಮೇಲೆ ಗುಂಡು ಹಾರಿತು. 2017ರಲ್ಲಿ ರಿಪಬ್ಲಿಕನ್ ನಾಯಕ ಸ್ಟೀವ್ ಸ್ಕಲೀಸ್ ಬೇಸ್‌ಬಾಲ್ ಅಭ್ಯಾಸದ ಮೈದಾನದಲ್ಲಿ ಗುಂಡೇಟು ತಿಂದರು. 2024ರ ಜುಲೈನಲ್ಲಿ ಟ್ರಂಪ್ ಅವರ ಕಿವಿ ಸವರಿ ಗುಂಡು ಹೋಯಿತು. 2025ರ ಜೂನ್‌ನಲ್ಲಿ ಮಿನೆಸೋಟಾದ ಡೆಮಾಕ್ರಟಿಕ್ ಶಾಸಕಿ ಮೆಲಿಸಾ ಹಾರ್ಟ್‌ಮನ್ ಮತ್ತು ಅವರ ಪತಿಯನ್ನು ಮನೆಯಲ್ಲೇ ಕೊಂದರು. ಸೆಪ್ಟೆಂಬರ್‌ನಲ್ಲಿ ಯೂಟಾದ ವಿಶ್ವವಿದ್ಯಾಲಯದ ಆವರಣದಲ್ಲಿ ಟ್ರಂಪ್ ಪರ ಸಂಪ್ರದಾಯವಾದಿ ಸಂಘಟಕ ಚಾರ್ಲಿ ಕರ್ಕ್ ಅವರನ್ನು ಕೊಂದರು. ನಮ್ಮ ಕಡೆಯವರು ಸತ್ತಾಗ ಮಾತ್ರ ದುಃಖಿಸುವವರನ್ನು ಎರಡೂ ಕಡೆ ಕಂಡಿದ್ದೇನೆ, ಮತ್ತು ಅದು ನನ್ನನ್ನು ಬಹಳ ಕಾಡುತ್ತದೆ. ನಿಯಮಗಳು ಬದಲಾಗಲು ವರ್ಷಗಳು ಬೇಕು. ಎದುರು ಪಕ್ಷದವರ ಕೊಲೆಯನ್ನು ಆದರೆ, ಹೋದರೆ ಎಂಬ ಷರತ್ತಿಲ್ಲದೆ ಖಂಡಿಸಲು ಯಾವ ಶಾಸನವೂ ಬೇಕಿಲ್ಲ. ಅದನ್ನು ಇಂದೇ ಮಾಡಬಹುದು.

ತುಂಗಾತೀರ

ಬಯಲುಸೀಮೆ ಅವರ ಮಾತಿಗೆ ನಾನು ಸೇರಿಸುವುದೇನೂ ಇಲ್ಲ.

ಮಲ್ಲಿಗೆ ಬಳ್ಳಿ ಅವರೇ, ನಿಯಮ ಬದಲಾದರೆ ರಾಜಕಾರಣಿಗಳ ನಡವಳಿಕೆ ಬದಲಾಗುತ್ತದೆ ಎನ್ನಲು ಅಲಾಸ್ಕಾ ಒಂದು ಆಧಾರ. ಅಲ್ಲಿನ ಮತದಾರರು 2020ರಲ್ಲಿ ಪಕ್ಷಗಳ ಪ್ರತ್ಯೇಕ ಪ್ರೈಮರಿಯನ್ನು ತೆಗೆದುಹಾಕಿದರು. ಎಲ್ಲ ಅಭ್ಯರ್ಥಿಗಳೂ ಒಂದೇ ಪ್ರೈಮರಿಯಲ್ಲಿ ನಿಲ್ಲುತ್ತಾರೆ, ಮೊದಲ ನಾಲ್ವರು ನವೆಂಬರ್‌ಗೆ ಹೋಗುತ್ತಾರೆ, ಅಲ್ಲಿ ಮತದಾರರು ಅಭ್ಯರ್ಥಿಗಳಿಗೆ ಒಂದು, ಎರಡು, ಮೂರು ಎಂದು ಆದ್ಯತೆ ಗುರುತಿಸುತ್ತಾರೆ. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ ಪ್ರಾಶಸ್ತ್ಯದ ಮತ ಹಾಕಿದವರಿಗೆ ಇದು ಹೊಸದೇನಲ್ಲ. ಈ ನಿಯಮದಲ್ಲಿ ನಡೆದ 2022ರ ಚುನಾವಣೆಯಲ್ಲಿ, ಟ್ರಂಪ್ ತಪ್ಪಿತಸ್ಥ ಎಂದು ಮತ ಹಾಕಿದ್ದ ರಿಪಬ್ಲಿಕನ್ ಸೆನೆಟರ್ ಲಿಸಾ ಮರ್ಕಾವ್‌ಸ್ಕಿ, ಟ್ರಂಪ್ ಬೆಂಬಲಿಸಿದ ಎದುರಾಳಿಯನ್ನು ಸೋಲಿಸಿ ಉಳಿದುಕೊಂಡರು. ಹಳೆಯ ಪದ್ಧತಿಯ ಪ್ರೈಮರಿ ಇದ್ದ ವಯೋಮಿಂಗ್‌ನಲ್ಲಿ ಅದೇ ವರ್ಷ, ಪ್ರತಿನಿಧಿ ಸಭೆಯಲ್ಲಿ ಟ್ರಂಪ್ ವಾಗ್ದಂಡನೆಗೆ ಮತ ಹಾಕಿದ್ದ ಲಿಜ್ ಚೇನಿ ಹೀನಾಯವಾಗಿ ಸೋತರು. ಇಬ್ಬರೂ ಒಂದೇ ಪಕ್ಷದವರು, ಟ್ರಂಪ್ ವಿರುದ್ಧ ನಿಂತದ್ದೂ ಒಂದೇ ವಿಷಯಕ್ಕೆ. ಎರಡು ರಾಜ್ಯಗಳ ಜನರಲ್ಲಿ ವ್ಯತ್ಯಾಸವಿದೆ ಎಂಬುದು ನನಗೆ ಗೊತ್ತು, ಆದರೂ ನಿಯಮದ ಪಾತ್ರವನ್ನು ಅಲ್ಲಗಳೆಯುವುದು ಕಷ್ಟ.

ಜನ ಇದನ್ನು ಎಲ್ಲೆಡೆ ಬಯಸುತ್ತಿದ್ದಾರೆ ಎಂದೇನೂ ಹೇಳಲಾರೆ. 2024ರಲ್ಲಿ ಅಲಾಸ್ಕಾದಲ್ಲೇ ಈ ಪದ್ಧತಿಯನ್ನು ರದ್ದು ಮಾಡುವ ಪ್ರಸ್ತಾಪ ಸಾವಿರಕ್ಕಿಂತ ಕಡಿಮೆ ಮತಗಳ ಅಂತರದಲ್ಲಿ ಬಿತ್ತು. ನೆವಾಡಾ, ಕೊಲರಾಡೊ, ಐಡಹೊ ರಾಜ್ಯಗಳು ಇಂಥ ಸುಧಾರಣೆಯನ್ನು ತಿರಸ್ಕರಿಸಿದವು. ಮಿಚಿಗನ್‌ನಲ್ಲಿ 2018ರಲ್ಲಿ ಜನಮತದ ಮೂಲಕ ಕ್ಷೇತ್ರದ ಗಡಿ ಎಳೆಯುವ ಕೆಲಸವನ್ನು ಶಾಸಕರ ಕೈಯಿಂದ ತೆಗೆದು ಹದಿಮೂರು ನಾಗರಿಕರಿಗೆ ಕೊಟ್ಟರು: ನಾಲ್ವರು ಡೆಮಾಕ್ರಟರು, ನಾಲ್ವರು ರಿಪಬ್ಲಿಕನ್ನರು, ಐವರು ಯಾವ ಪಕ್ಷಕ್ಕೂ ಸೇರದವರು. ಪೆನ್ಸಿಲ್ವೇನಿಯಾದಲ್ಲಿ ಜನರೇ ಅರ್ಜಿ ಹಾಕಿ ಜನಮತ ಕೇಳುವ ಅವಕಾಶವಿಲ್ಲ, ಶಾಸನಸಭೆಯೇ ಮಾಡಬೇಕು. ಇಲ್ಲಿ ಯಾವ ಪಕ್ಷಕ್ಕೂ ನೋಂದಾಯಿಸಿಕೊಳ್ಳದ ಹತ್ತು ಲಕ್ಷಕ್ಕೂ ಹೆಚ್ಚು ಮತದಾರರಿಗೆ ಪ್ರೈಮರಿಯಲ್ಲಿ ಅಭ್ಯರ್ಥಿಗಳನ್ನು ಆರಿಸುವ ಹಕ್ಕೇ ಇಲ್ಲ. ನನ್ನ ಊರಿನ ಕನ್ನಡಿಗರಲ್ಲಿ ಹೊಸದಾಗಿ ಪೌರತ್ವ ಪಡೆದ ಹಲವರು, ಗಲಾಟೆ ಬೇಡವೆಂದು, ನೋಂದಣಿ ಅರ್ಜಿಯಲ್ಲಿ ಪಕ್ಷ ಇಲ್ಲ ಎಂಬ ಚೌಕಕ್ಕೇ ಗುರುತು ಹಾಕುತ್ತಾರೆ. ಅದರಿಂದ ಅರ್ಧ ಮತ ಕಳೆದುಕೊಂಡಂತಾಗುತ್ತದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಆದ್ದರಿಂದ ಈ ವೇದಿಕೆಯಲ್ಲಿ ಪೆನ್ಸಿಲ್ವೇನಿಯಾದವರು ಇದ್ದರೆ ಎರಡು ಕೆಲಸ ಮಾಡಬಹುದು. ಪ್ರೈಮರಿಗೆ ಹದಿನೈದು ದಿನ ಮೊದಲು ನೋಂದಣಿಯ ಗಡುವು ಮುಗಿಯುತ್ತದೆ. ಅಷ್ಟರೊಳಗೆ ನಿಮಗೆ ಹತ್ತಿರವೆನಿಸಿದ ಯಾವುದಾದರೂ ಒಂದು ಪಕ್ಷಕ್ಕೆ ನೋಂದಾಯಿಸಿಕೊಂಡು ಅಲ್ಲಿನ ಮಿತವಾದಿ ಅಭ್ಯರ್ಥಿಗೆ ಮತ ಹಾಕಿ. ಮತ್ತು ಅಂಚೆ ಮತದ ಲಕೋಟೆಗಳನ್ನು ಮೊದಲೇ ತೆರೆಯಲು ಅವಕಾಶ ಕೊಡುವ ಮಸೂದೆಯನ್ನು ಬೇರೆ ಯಾವ ವಿಷಯದ ಜೊತೆಗೂ ಗಂಟು ಹಾಕದೆ ಅಂಗೀಕರಿಸಿ ಎಂದು ನಿಮ್ಮ ಶಾಸಕರಿಗೆ, ಅವರು ಯಾವ ಪಕ್ಷದವರೇ ಆಗಿರಲಿ, ಪತ್ರ ಬರೆಯಿರಿ. ನಮ್ಮ ಮತಗಟ್ಟೆಯ ಅಲ್ಪಮತದ ಇನ್‌ಸ್ಪೆಕ್ಟರ್ ಮತ್ತು ನಾನು ಸೇರಿ ಅಂಥ ಒಂದು ಪತ್ರವನ್ನು ಸಿದ್ಧಪಡಿಸಿದ್ದೇವೆ. ಬೇಕಾದವರು ಇಲ್ಲಿ ಕೇಳಿದರೆ ಅದರ ಪ್ರತಿಯನ್ನು ಹಾಕುತ್ತೇನೆ.